ಲಾರಿ ಟಾಕೀಸ್ ಇದ್ದ ಚಳಿಗಾಲ

ಚಳ್ಳಕೆರೆ ಬಸ್ ನಿಲ್ದಾಣದ ಎದುರಿನ ಸಾಲಿನಲ್ಲಿ ಹೊಸದಾಗಿ ತೆರೆದಿದ್ದ ಬಟ್ಟೆ ಅಂಗಡಿಯ ಮುಂದೆ ಒಂದು ಟೀ ಶರ್ಟು ನೇತಾಡುತ್ತಿತ್ತು. ಅದರ ಮೇಲೆ ನನ್ನ ಅವ್ವ ಕೂತಿದ್ದಳು.

ಇದು ಹೋದ ಶ್ರಾವಣದ ಮಾತು. ನಾನು ಆಗ ದೇವಸಮುದ್ರದ ಶಾಲೆಯಲ್ಲಿ ಮೇಡಮ್ಮು. ಕನ್ನಡಕದ ಗಾಜು ಬದಲಿಸಲೆಂದು ಚಳ್ಳಕೆರೆಗೆ ಬಂದಿದ್ದೆ. ಹಳೆಯ ಗಾಜಿನಲ್ಲಿ ಏನೋ ತಪ್ಪಾಗಿ ಕಂಡಿರಬೇಕೆಂದು ಹತ್ತಿರ ಹೋಗಿ ನೋಡಿದೆ. ಬೇಕೆಂದೇ ಮಾಸಲು ಮಾಡಿದ ಇಟ್ಟಿಗೆ ಬಣ್ಣದ ಅಂಗಿ. ಅದರ ಮೇಲೆ ಎತ್ತರದ ಬಿಳಿ ಗೋಡೆ, ಗೋಡೆಗೆ ಮುಖ ಮಾಡಿ ನಿಂತ ಲಾರಿಗಳ ಸಾಲು, ಲಾರಿಯ ತಲೆಯ ಮೇಲೆಲ್ಲ ಜನ. ಮೇಲೆ ಹಳೆಯ ಸಿನಿಮಾ ಬೋರ್ಡಿನ ಉಬ್ಬಕ್ಷರದಲ್ಲಿ ‘ಲಾರಿ ಟಾಕೀಸ್, ಚಳ್ಳಕೆರೆ’ ಎಂದಿತ್ತು. ಅದರ ಕೆಳಗೆ ‘ಗಾಡಿ ಸಮೇತ ಬನ್ನಿ’. ತೀರಾ ಕೆಳಗೆ, ಈಗಿನವರಿಗೆ ಅರ್ಥವಾಗಲಿ ಎಂದೋ ಏನೋ, ಇಂಗ್ಲಿಷ್ ಅಕ್ಷರದಲ್ಲಿ ಡ್ರೈವ್-ಇನ್ ಅಂತ ಬರೆದಿದ್ದರು. ಎಡಗಡೆಯ ಮೂಲೆಯಲ್ಲಿ, ಎಲ್ಲರಿಂದ ಅಷ್ಟು ದೂರ, ಗೋಣಿಚೀಲದ ರಾಶಿಯ ಮೇಲೆ ಒಬ್ಬ ಹೆಂಗಸು. ಬೆನ್ನು ಮಾತ್ರ ಕಾಣುತ್ತಿತ್ತು. ಎಡಗೈಯನ್ನು ಹಿಂದಕ್ಕೆ ಊರಿ, ಬಲಗಾಲನ್ನು ನೀಳವಾಗಿ ಚಾಚಿ ಕೂತಿದ್ದಳು. ವರ್ಷಗಟ್ಟಲೆ ಮಗ್ಗ ತುಳಿದ ಕಾಲು ಮಡಿಸಿದರೆ ನೋಯುತ್ತದೆ. ಅವ್ವ ಈಗಲೂ ಕೂರುವುದು ಹಾಗೆಯೇ.

ಅಂಗಡಿಯವನು ಮೂವತ್ತರ ಆಸುಪಾಸಿನ ಹುಡುಗ. ಹೆಸರು ಶ್ರೀನು.

“ಯಾರು ಬರೆದಿದ್ದಪ್ಪಾ ಇದು?” ಎಂದೆ.

“ನಮ್ಮ ಪೆದ್ದನಾನ್ನ, ಮೇಡಂ. ದೊಡ್ಡಪ್ಪ. ಓಬುಳೇಸು ಅಂತ, ರಾಯದುರ್ಗದೋರು. ಇಲ್ಲಿ ಎಣ್ಣೆ ಮಿಲ್ಲಿನಾಗೆ ಸಿನಿಮಾ ಬಿಡ್ತಿದ್ರಂತೆ. ಬೋರ್ಡೂ ಬರೀತಿದ್ರು. ಹೋದ ವರ್ಷ ತೀರ್ಕೊಂಡ್ರು. ರಾಯದುರ್ಗದಾಗೆ ನಮ್ದು ಹೊಲಿಗೆ ಕೆಲಸ ಐತಲ್ಲ, ಅವರ ನೆನಪಿಗೆ ಇರಲಿ ಅಂತ ಅಚ್ಚು ಹಾಕಿಸಿದ್ವಿ.”

“ಈ ಹೆಂಗಸು?”

“ಯಾರೋ, ಗೊತ್ತಿಲ್ಲ ಮೇಡಂ. ಅಚ್ಚು ಹಾಕೋನು ಇದನ್ನ ತೆಗೀತೀನಿ, ಜಾಗ ವೇಸ್ಟು ಅಂದ. ಪೆದ್ದನಾನ್ನ ಅಷ್ಟು ಕಷ್ಟಪಟ್ಟು ಬರೆದವ್ರೆ, ಇರ್ಲಿ ಬಿಡು ಅಂದೆ.”

ಪಕ್ಕದಲ್ಲಿ ಅಂಗಿ ಆರಿಸುತ್ತಿದ್ದ ಕಾಲೇಜು ಹುಡುಗರಿಬ್ಬರು ಇದು ನಿಜವೋ ಸುಳ್ಳೋ ಎಂದು ವಾದಕ್ಕೆ ಬಿದ್ದರು. “ಚಳ್ಳಕೆರೇಲಿ ಡ್ರೈವ್-ಇನ್ನಾ? ಸುಮ್ನಿರಲೇ” ಎಂದ ಒಬ್ಬ. “ನಮ್ಮ ತಾತ ಟ್ರ್ಯಾಕ್ಟರಾಗೆ ಹೋಗಿ ನೋಡ್ತಿದ್ನಂತೆ ಕಣಲೇ” ಎಂದ ಇನ್ನೊಬ್ಬ. ನಾನು ಒಂದು ಅಂಗಿ ಕಟ್ಟಿಸಿಕೊಂಡೆ. ಯಾವ ಅಳತೆ, ಯಾರಿಗೆ ಎಂದು ಶ್ರೀನು ಕೇಳಿದ. ಅವ್ವನಿಗೆ ಎಂದೆ. ಅವನು ನನ್ನ ಮುಖ ನೋಡಿ, ದೊಡ್ಡದೊಂದು ಕೊಟ್ಟ.

ಮೊಳಕಾಲ್ಮೂರಿನ ಬಸ್ಸಿನಲ್ಲಿ ಕೂತಾಗ ತೊಡೆಯ ಮೇಲಿನ ಆ ಪೊಟ್ಟಣ ಬಿಸಿಯಾಗಿದ್ದಂತೆ ಅನಿಸುತ್ತಿತ್ತು. ಓಬುಳೇಸು ಎಂಬ ಹೆಸರನ್ನು ನಾನು ಕೇಳಿ ಮೂವತ್ತಕ್ಕೂ ಹೆಚ್ಚು ವರ್ಷವಾಗಿತ್ತು. ಆದರೆ ಆ ಹೆಸರಿನ ಭಾರ ಹೊತ್ತೇ ನಾನು ಇಷ್ಟು ವರ್ಷ ಬದುಕಿದ್ದೆ.

ಅಪ್ಪ ಸತ್ತ ವರ್ಷ ನಾನು ಹತ್ತನೇ ಕ್ಲಾಸಿಗೆ ಬಂದಿದ್ದೆ. ನಮ್ಮದು ಮೊಳಕಾಲ್ಮೂರಿನ ನೇಕಾರರ ಮನೆ. ಅಪ್ಪ ಇಲ್ಲದ ಮೇಲೆ ಮಗ್ಗದ ಗುಂಡಿಗೆ ಇಳಿಯಲು ಅವ್ವನಿಗೆ ಕೆಲವು ಕಾಲ ಮನಸ್ಸೇ ಬರಲಿಲ್ಲ. ಅವಳ ಅಕ್ಕ, ನಮ್ಮ ದೊಡ್ಡವ್ವ ಬೊಮ್ಮಕ್ಕ, ಚಳ್ಳಕೆರೆಯಲ್ಲಿದ್ದಳು. “ಒಂದು ವರ್ಷ ನಮ್ಮ ಮನೇಲಿರ್ರಿ, ಹುಡುಗಿ ಪರೀಕ್ಷೆ ಮುಗೀಲಿ” ಎಂದು ನಮ್ಮಿಬ್ಬರನ್ನೂ ಕರೆದುಕೊಂಡು ಹೋದಳು. ದೊಡ್ಡವ್ವನ ಮನೆ ಎಣ್ಣೆ ಮಿಲ್ಲೊಂದರ ಕಾಂಪೌಂಡಿನ ಹಿಂದೆ. ಗೋಡೆಯಾಚೆ ಮಿಲ್ಲು, ಈಚೆ ನಾವು. ಅವ್ವ ಅದೇ ಮಿಲ್ಲಿನಲ್ಲಿ ಶೇಂಗಾ ಆರಿಸುವ ಕೆಲಸಕ್ಕೆ ಸೇರಿದಳು.

ಆ ವರ್ಷ ಶೇಂಗಾ ಚೆನ್ನಾಗಿ ಬಂದಿತ್ತು. ದೀಪಾವಳಿ ಕಳೆಯುತ್ತಲೇ ಊರಿಗೆ ಊರೇ ಹುರಿದ ಸಿಪ್ಪೆಯ, ಹಿಂಡಿಯ, ಬಿಸಿ ಎಣ್ಣೆಯ ವಾಸನೆಯಲ್ಲಿ ಮುಳುಗಿತು. ತಲೆಗೂದಲು ಎಷ್ಟು ತೊಳೆದರೂ ಆ ವಾಸನೆ ಹೋಗುತ್ತಿರಲಿಲ್ಲ. ಪರೀಕ್ಷೆಗೆ ಓದಿದ ರೇಖಾಗಣಿತದ ಪ್ರಮೇಯಗಳಿಗೂ ಅದೇ ವಾಸನೆ ಹತ್ತಿತ್ತು. ಈಗಲೂ ಮಕ್ಕಳಿಗೆ ತ್ರಿಭುಜ ಬರೆಯಿಸುವಾಗ ಒಮ್ಮೊಮ್ಮೆ ನನ್ನ ಮೂಗಿಗೆ ಹಿಂಡಿ ವಾಸನೆ ಬರುತ್ತದೆ. ಎಣ್ಣೆ, ಹಿಂಡಿ ತುಂಬಿಕೊಳ್ಳಲು ಎಲ್ಲೆಲ್ಲಿಂದಲೋ ಲಾರಿಗಳು ಬಂದು ಸರದಿಗಾಗಿ ದಿನಗಟ್ಟಲೆ ನಿಲ್ಲುತ್ತಿದ್ದವು. ಕೆಲಸವಿಲ್ಲದ ಡ್ರೈವರುಗಳು ಕುಡಿದು ಜಗಳಕ್ಕೆ ನಿಲ್ಲುತ್ತಿದ್ದರು. ಒಂದು ದಿನ ಒಬ್ಬನ ತಲೆ ಒಡೆಯಿತು. ಮಿಲ್ಲಿನ ಸಾಹುಕಾರರು ಯೋಚನೆ ಮಾಡಿ ಗೋದಾಮಿನ ಉದ್ದನೆಯ ಗೋಡೆಗೆ ಸುಣ್ಣ ಬಳಿಸಿದರು. ರಾಯದುರ್ಗದಿಂದ ಓಬುಳೇಸುವನ್ನು, ಅವನ ಸಣ್ಣ ಪ್ರೊಜೆಕ್ಟರಿನ ಸಮೇತ ಕರೆಸಿದರು. ಶನಿವಾರ ಸಂಜೆ, ಕತ್ತಲಾಗುತ್ತಿದ್ದಂತೆ ಸಿನಿಮಾ.

ಮೊದಲು ಅದು ಲಾರಿಯವರಿಗಷ್ಟೇ ಇತ್ತು. ಸುದ್ದಿ ಹರಡಿ, ಶೇಂಗಾ ಮಾರಲು ಬಂದ ರೈತರೂ ಉಳಿಯತೊಡಗಿದರು. ಟ್ರ್ಯಾಕ್ಟರು, ಎತ್ತಿನ ಗಾಡಿ, ಮನೆಮಂದಿ, ಬುತ್ತಿ, ಕಂಬಳಿ. ಗಾಡಿ ನಿಲ್ಲಿಸಿದಲ್ಲೇ ಕೂತು ನೋಡುವುದು. ಹೊಡೆದಾಟ ಬಂದರೆ ಡ್ರೈವರುಗಳೆಲ್ಲ ಹಾರ್ನ್ ಹಾಕುವರು. ಎತ್ತುಗಳು ಬೆದರಿ ಕೊರಳ ಗಂಟೆ ಅಲ್ಲಾಡಿಸುವುವು. ರೀಲು ಕಿತ್ತುಹೋದರೆ ಲಾರಿಗಳ ದೀಪವೆಲ್ಲ ಗೋಡೆಯ ಮೇಲೆ. ಆ ಬೆಳಕಿನಲ್ಲಿ ಮಕ್ಕಳು ಕೈಬೆರಳಿನಿಂದ ಮೊಲ, ನಾಯಿ ಮಾಡುತ್ತಿದ್ದರಂತೆ.

‘ಮಾಡುತ್ತಿದ್ದರಂತೆ’ ಎಂದೆ. ಏಕೆಂದರೆ ನಾನು ಒಂದು ದಿನವೂ ನೋಡಲಿಲ್ಲ. ಪರೀಕ್ಷೆಯ ಹುಡುಗಿಯನ್ನು ಲಾರಿಯವರ ನಡುವೆ ಕಳಿಸಲು ದೊಡ್ಡವ್ವ ಒಪ್ಪಲಿಲ್ಲ. ಅವ್ವ ಹೋಗಲೋ ಬೇಡವೋ ಎಂದು ಯಾರ ಒಪ್ಪಿಗೆಯನ್ನೂ ಕೇಳಲಿಲ್ಲ. ಮೊದಲ ಶನಿವಾರ ಕೆಲಸ ಮುಗಿಸಿ ಹೊರಟವಳು ಜನ ನೋಡಿ ನಿಂತಳಂತೆ. ಎರಡನೇ ಶನಿವಾರ ತೂಕದ ಮನೆಯ ಪಕ್ಕದ ಖಾಲಿ ಚೀಲದ ರಾಶಿಯ ಮೇಲೆ ಕೂತಳಂತೆ. ಆಮೇಲೆ ಆ ಜಾಗ ಅವಳದೇ ಆಯಿತು.

ಕಾಂಪೌಂಡ್ ಗೋಡೆಯ ಈಚೆ ನನಗೆ ಮಾತು ಮಾತ್ರ ಕೇಳುತ್ತಿತ್ತು. ಸ್ಪೀಕರಿನ ಬಾಯಿ ನಮ್ಮ ಮನೆ ಕಡೆಗಿತ್ತು. ಅವ್ವ ಕೂತ ಕಡೆಗೆ ಚಿತ್ರ ಸರಿಯಾಗಿ ಕಾಣುತ್ತಿತ್ತು, ಮಾತು ಅರ್ಧಂಬರ್ಧ. ಭಾನುವಾರ ಬೆಳಿಗ್ಗೆ ತಲೆ ಬಾಚುವಾಗ ಇಬ್ಬರೂ ಕೂಡಿಸಿಕೊಳ್ಳುತ್ತಿದ್ದೆವು. “ಅವನು ಅವಳನ್ನ ಬೈತಿದ್ದ ಅಲ್ವಾ?” ಎಂದರೆ ಅವ್ವ, “ಇಲ್ಲವಲ್ಲ, ಅವ್ರು ಕುದುರೆ ಮ್ಯಾಲೆ ಹೋಗ್ತಿದ್ರು” ಎನ್ನುವಳು. ಕನ್ನಡ, ತೆಲುಗು ಎಲ್ಲ ಬರುತ್ತಿತ್ತು. ನಮ್ಮ ಗಡಿ ಕಡೆಯವರಿಗೆ ಎರಡೂ ಒಂದೇ. ಆದರೂ ಒಂದು ಕಥೆಯೂ ಪೂರ್ತಿ ಸರಿಹೋಗಲಿಲ್ಲ. ಅಪ್ಪ ಹೋದ ಮೇಲೆ ಅವ್ವ ನಕ್ಕದ್ದು ಆ ಭಾನುವಾರಗಳಲ್ಲಿ.

ಸಂಕ್ರಾಂತಿಯ ಹಿಂದುಮುಂದು ಒಂದು ಬೆಳಿಗ್ಗೆ ಓಬುಳೇಸು ನಮ್ಮ ಮನೆಗೆ ಬಂದ. ಇಸ್ತ್ರಿ ಹಾಕಿದ ಬಿಳಿ ಅಂಗಿ, ಕೈಯಲ್ಲಿ ಸೀಬೆಹಣ್ಣಿನ ಪುಟ್ಟಿ. ಉದ್ದಕ್ಕೆ, ತೆಳ್ಳಗಿದ್ದ. ಅವ್ವ ಕೆಲಸಕ್ಕೆ ಹೋಗಿದ್ದಳು. ನಾನು ಒಳಮನೆಯಲ್ಲಿ ಪುಸ್ತಕ ಹಿಡಿದಿದ್ದೆ.

“ಅಕ್ಕಾ, ನೇರವಾಗಿ ಕೇಳ್ತೀನಿ, ತಪ್ಪು ತಿಳೀಬ್ಯಾಡ್ರಿ” ಎಂದ ದೊಡ್ಡವ್ವನಿಗೆ. “ಮೀ ಚೆಲ್ಲೆಲು, ನಿಮ್ಮ ತಂಗಿ, ತಿಪ್ಪಮ್ಮನೋರು. ನಂಗೂ ಹೆಂಡ್ತಿ ಮಕ್ಳು ಅಂತ ಯಾರೂ ಇಲ್ಲ. ಅವರಿಗೆ ಒಪ್ಪಿಗೆ ಆದ್ರೆ ಮದುವೆ ಆಗ್ತೀನಿ. ಮಗಳನ್ನ ಓದಿಸ್ತೀನಿ.”

ದೊಡ್ಡವ್ವ ಬೈಯಲಿಲ್ಲ. ಅದೇ ನನಗೆ ಹೆಚ್ಚು ಭಯವಾದದ್ದು. “ಅವಳನ್ನ ಕೇಳಿ ಹೇಳ್ತೀನಪ್ಪಾ” ಎಂದಳು. ಅವನು ಹೋದ ಮೇಲೆ ಪುಟ್ಟಿಯಿಂದ ಒಂದು ಹಣ್ಣು ತೆಗೆದು ನನಗೂ ಕೊಟ್ಟಳು. ಅದನ್ನು ತಿನ್ನಬೇಕೋ ಬಿಡಬೇಕೋ ತಿಳಿಯದೆ ಕೈಯಲ್ಲೇ ಹಿಡಿದು ಕೂತೆ. ಆ ಮನುಷ್ಯ ನನಗೆ ಹಿಡಿಸಿದ್ದ. ಅವ್ವನನ್ನು ‘ತಿಪ್ಪಮ್ಮನೋರು’ ಎಂದು ಕರೆದ ಮೊದಲ ಗಂಡಸು ಅವನು. ಅವನು ಬರಲಿ ಅಂತಲೂ ಇತ್ತು, ಸಾಯಲಿ ಅಂತಲೂ ಇತ್ತು. ಅಪ್ಪನ ಫೋಟೋ ನೋಡಲು ನಾಚಿಕೆಯಾಗುತ್ತಿತ್ತು.

ಅವ್ವನಿಗೂ ದೊಡ್ಡವ್ವನಿಗೂ ಏನು ಮಾತಾಯಿತೋ ನಾನು ಕೇಳಿಸಿಕೊಳ್ಳಲಿಲ್ಲ. ಒಂದೆರಡು ದಿನದ ಮೇಲೆ ನೀರು ತರುವ ದಾರಿಯಲ್ಲಿ ದೊಡ್ಡವ್ವ ಬಿಂದಿಗೆ ಇಳಿಸಿ ನನ್ನನ್ನು ನಿಲ್ಲಿಸಿದಳು.

“ನಿಮ್ಮವ್ವ ಬ್ಯಾಡ ಅಂದ್ಲು, ಗಿರಿಜಾ. ನಿನಗೋಸ್ಕರ ಬ್ಯಾಡ ಅಂದ್ಲು. ಇದನ್ನ ಮರೀಬ್ಯಾಡ.”

ನಾನು ಮರೆಯಲಿಲ್ಲ.

ಮಾಘದಲ್ಲಿ ಯಾರೂ ನೆನಸದ ಮಳೆ ಬಂತು. ಇಡೀ ದಿನ ಸುರಿಯಿತು. ಗೋಡೆಯ ಸುಣ್ಣ ಕರಗಿ ಬಿಳಿ ನೀರಾಗಿ ಅಂಗಳದಲ್ಲಿ ಹರಿಯಿತು. ಒಳಗಿನ ಕೆಮ್ಮಣ್ಣು ಹೊರಬಂತು. ಲಾರಿಗಳು ಗಾಲಿಯ ಅರ್ಧದವರೆಗೆ ಹೂತವು. ಮತ್ತೆ ಸುಣ್ಣ ಬಳಿಸಲು ಸಾಹುಕಾರರಿಗೆ ಉತ್ಸಾಹವಿರಲಿಲ್ಲ, ಶೇಂಗಾ ಕಾಲವೂ ಮುಗಿಯುತ್ತಿತ್ತು. ಓಬುಳೇಸು ಪ್ರೊಜೆಕ್ಟರನ್ನು ಟಾರ್ಪಾಲಿನಲ್ಲಿ ಸುತ್ತಿ ರಾಯದುರ್ಗದ ಕಡೆ ಹೋಗುವ ಹಿಂಡಿ ಲಾರಿ ಹತ್ತಿದ. ಆ ಸಂಜೆ ಅವ್ವನ ಮುಖವನ್ನು ನಾನು ಎಷ್ಟು ನೋಡಿದೆನೋ. ಅವಳು ಮುದ್ದೆ ತಿರುವಿದಳು, ಉಪ್ಪಿನಕಾಯಿ ಕೇಳಿದಳು, ಹೊದ್ದು ಮಲಗಿದಳು. ದುಃಖದ ಒಂದು ಗೆರೆಯೂ ಕಾಣಲಿಲ್ಲ. ಎಷ್ಟು ಚೆನ್ನಾಗಿ ಮುಚ್ಚಿಟ್ಟಿದ್ದಾಳೆ ನನ್ನವ್ವ ಎಂದುಕೊಂಡು ನಾನು ಕಂಬಳಿಯೊಳಗೆ ಅತ್ತೆ.

ಪರೀಕ್ಷೆ ಮುಗಿದ ಮೇಲೆ ನಾವು ಮೊಳಕಾಲ್ಮೂರಿಗೆ ವಾಪಸಾದೆವು. ಅವ್ವ ಅಪ್ಪನ ಮಗ್ಗಕ್ಕೆ ಇಳಿದಳು. ನಾನು ಪಾಸಾದೆ, ಟೀಚರ್ ಟ್ರೈನಿಂಗ್ ಮಾಡಿದೆ, ಕೆಲಸ ಸಿಕ್ಕಿತು. ದಾವಣಗೆರೆಯಿಂದ ಒಂದು ಸಂಬಂಧ ಬಂತು; ಹುಡುಗ ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುತ್ತಿದ್ದ, ಮೆಲ್ಲಗೆ ಮಾತಾಡುತ್ತಿದ್ದ. ನನಗೆ ಒಪ್ಪಿಗೆ ಇತ್ತು. ನನಗಾಗಿ ಒಬ್ಬಳೇ ಉಳಿದವಳನ್ನು ಬಿಟ್ಟು ನಾನು ಹೇಗೆ ಹೋಗಲಿ ಎಂದು, ಇಷ್ಟವಿಲ್ಲ ಎಂದುಬಿಟ್ಟೆ. ಮುಂದೆ ಬಂದವರಿಗೂ ಅದೇ ಉತ್ತರ. ಮುಖ್ಯೋಪಾಧ್ಯಾಯಿನಿಯಾಗಿ ಬೇರೆ ತಾಲ್ಲೂಕಿಗೆ ಹೋಗುವ ಅವಕಾಶ ಬಂದಾಗಲೂ ಒಲ್ಲೆ ಎಂದೆ. ಬೆಳಿಗ್ಗೆ ದೇವಸಮುದ್ರದ ಬಸ್ಸು, ಸಂಜೆ ಅವ್ವನ ಮನೆ. ಯಾರ ಮುಂದೆಯೂ ನಾನು ಇದನ್ನು ತ್ಯಾಗ ಎಂದು ಹೇಳಿಕೊಂಡಿಲ್ಲ. ಆದರೆ ಒಳಗೆ ಅದೇ ಹೆಸರಿಟ್ಟುಕೊಂಡಿದ್ದೆ.

ಟೀ ಶರ್ಟು ಹಿಡಿದು ಮನೆಗೆ ಬಂದಾಗ ಅವ್ವ ಕಿಟಕಿಯ ಬೆಳಕಿನಲ್ಲಿ ಕೂತು ಕಂಡಿಕೆಗೆ ರೇಷ್ಮೆ ಸುತ್ತುತ್ತಿದ್ದಳು. ಈಗ ಅವಳು ನೇಯುವುದಿಲ್ಲ. ನಮ್ಮ ಮಗ್ಗಕ್ಕೆ ಬರುವ ಪಕ್ಕದ ಮನೆಯ ರತ್ನಳಿಗೆ ನೂಲು ಸುತ್ತಿಕೊಡುತ್ತಾಳೆ. ಅಂಗಿಯನ್ನು ಅವಳ ಮುಂದೆ ಹರಡಿದೆ. ಕಣ್ಣ ಹತ್ತಿರ ಹಿಡಿದು ನೋಡಿದಳು.

“ಇದು ನಾನಲ್ವಾ” ಎಂದಳು. ದಾರಿಯಲ್ಲಿ ಪರಿಚಯದವರನ್ನು ಕಂಡಂತಿತ್ತು ಅವಳ ದನಿ. “ಓಬುಳೇಸು ಬರೆದಿದ್ದಾ?”

“ಹೂಂ. ಹೋದ ವರ್ಷ ತೀರ್ಕೊಂಡ್ರಂತೆ.”

ತಿರುಗುತ್ತಿದ್ದ ರಾಟೆಯನ್ನು ಕೈಯಿಟ್ಟು ನಿಲ್ಲಿಸಿದಳು. “ಒಳ್ಳೇನು” ಎಂದಳು. ಆಮೇಲೆ ಚಿತ್ರದ ಮೇಲೆ ಬೆರಳಿಟ್ಟು, “ಚೀಲ ಇಷ್ಟು ಎತ್ತರ ಇರ್ಲಿಲ್ಲ” ಎಂದಳು.

ಇಷ್ಟು ವರ್ಷ ಆಡದ ಮಾತು ಬಾಯಿಗೆ ಬಂತು. “ಅವ್ವ, ಅವತ್ತು ನಂಗೋಸ್ಕರ ನೀನು ಬ್ಯಾಡ ಅನ್ನಬಾರ್ದಿತ್ತು.”

“ಯಾವುದನ್ನ?”

“ಅವ್ರು ಮದುವೆ ಆಗ್ತೀನಿ ಅಂತ ಬಂದ್ರಲ್ಲ. ದೊಡ್ಡವ್ವ ನಂಗೆಲ್ಲ ಹೇಳಿದ್ಲು. ನೀನು ಮಗಳಿಗೋಸ್ಕರ ಬ್ಯಾಡ ಅಂದೆ ಅಂತ.”

ಅವ್ವ ನನ್ನನ್ನು ಅರ್ಥವಾಗದವಳ ಹಾಗೆ ನೋಡಿದಳು. “ಅಕ್ಕನಿಗೆ ಮತ್ತೇನು ಹೇಳ್ಲಿ? ಒಂದೇ ಸಮ ಬೆನ್ನು ಬಿದ್ದಿದ್ಲು, ಒಳ್ಳೇ ಮನುಷ್ಯ, ಯಾಕೆ ಬ್ಯಾಡ, ಯಾಕೆ ಬ್ಯಾಡ ಅಂತ. ಮಗಳು ಐತೆ ಅಂದೆ. ಸುಮ್ನಾದ್ಲು.”

“ಹಂಗಾರೆ ಯಾಕೆ ಬ್ಯಾಡ ಅಂದೆ?”

“ನಂಗೇ ಬ್ಯಾಡಿತ್ತು.” ನೂಲಿನ ತುದಿ ಹುಡುಕುತ್ತಾ ಹೇಳಿದಳು. “ಹುಟ್ಟಿದ ಮನೇಲಿ ಹನ್ನೊಂದು ಜನ. ಇಲ್ಲಿಗೆ ಬಂದ್ರೆ ನಿಮ್ಮಪ್ಪ, ಅತ್ತೆ, ಮಾವ, ಮಗ್ಗ. ಒಬ್ಳೇ ಕೂರೋದು ಅಂದ್ರೆ ಏನಂತ ಗೊತ್ತೇ ಇರ್ಲಿಲ್ಲ. ಆ ಚೀಲದ ಮ್ಯಾಲೆ ಕೂತಾಗ ಯಾರೂ ನನ್ನ ಏನೂ ಕೇಳ್ತಿರಲಿಲ್ಲ. ತಣ್ಣಗೆ ಗಾಳಿ ಬರೋದು. ಸಿನಿಮಾ ನೋಡಿದ್ರೆ ನೋಡ್ದೆ, ಇಲ್ಲ ಅಂದ್ರೆ ಮ್ಯಾಲೆ ಚುಕ್ಕಿ ನೋಡ್ದೆ. ಆಗತಾನೇ ಅದು ಸಿಕ್ಕಿತ್ತು. ಅದನ್ನ ಕೊಟ್ಟು ಗಂಡನ್ನ ತಗಳ್ಲಾ?”

“ನಂಗೋಸ್ಕರ ಅಲ್ವಾ?”

“ನಿಂಗೋಸ್ಕರ ಆದ್ರೆ ಹೂಂ ಅಂತಿದ್ದೆ. ಓದಿಸ್ತೀನಿ ಅಂದಿದ್ನಲ್ಲ.”

ನಾನು ಎದ್ದು ಹಿತ್ತಲಿಗೆ ಹೋದೆ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ. ಭಾರ ಇಳಿಯಿತೆಂದು ಹಗುರಾಗಬೇಕಿತ್ತು, ಆಗಲಿಲ್ಲ. ಸಿಟ್ಟು ಬಂತು, ಆದರೆ ಯಾರ ಮೇಲೆ? ದೊಡ್ಡವ್ವ ಸತ್ತು ಎಷ್ಟೋ ಕಾಲವಾಗಿದೆ. ಅವಳು ತನಗೆ ತಿಳಿದದ್ದನ್ನೇ ಹೇಳಿದ್ದಳು. ಅವ್ವ ಅಕ್ಕನ ಕಾಟ ತಪ್ಪಿಸಿಕೊಳ್ಳಲು ಒಂದು ಮಾತು ಆಡಿದ್ದಳು. ಓಬುಳೇಸು ಮರ್ಯಾದೆಯಿಂದ ಕೇಳಿ, ಮರ್ಯಾದೆಯಿಂದ ಹೋಗಿದ್ದ. ಎಲ್ಲರೂ ಸರಿಯಾಗೇ ನಡೆದುಕೊಂಡಿದ್ದರು. ನಡುವೆ ನನ್ನ ದಾವಣಗೆರೆ ಎಲ್ಲಿಗೆ ಹೋಯಿತು? ಅವ್ವ ನನಗಾಗಿ ತ್ಯಾಗ ಮಾಡಲಿಲ್ಲವೆಂದು ನೋವೋ, ಮಾಡಿದ್ದಾಳೆಂದು ನಂಬಿ ನಾನು ಮಾಡಿದ್ದೆಲ್ಲ ದಂಡವಾಯಿತೆಂದು ನೋವೋ, ನನಗೇ ಬಗೆಹರಿಯಲಿಲ್ಲ.

ಎರಡು ದಿನ ಅವ್ವನ ಹತ್ತಿರ ಮಾತಾಡಲಿಲ್ಲ. ಅವಳೂ ಕೆದಕಲಿಲ್ಲ. ಮೂರನೇ ದಿನ ಬೆಳಿಗ್ಗೆ ಬಸ್ಸಿಗೆ ಹೊರಟವಳು ಚಪ್ಪಲಿ ಮೆಟ್ಟುತ್ತಾ, ಬಾಗಿಲಲ್ಲೇ ನಿಂತು ಹೇಳಿದೆ. “ನಂಗೆ ಆ ದಾವಣಗೆರೆ ಹುಡುಗ ಇಷ್ಟ ಇದ್ದ, ಅವ್ವ. ಹೋಗಬೇಕಿತ್ತು.”

ಅವ್ವ ರಂಗೋಲಿ ಹಾಕುತ್ತಿದ್ದಳು. ತಲೆಯೆತ್ತಿದಳು.

“ಮತ್ತೆ ಇಷ್ಟ ಇಲ್ಲ ಅಂದೆ?”

“ನೀನು ಒಬ್ಳೇ ಆಗ್ತೀಯ ಅಂತ.”

ಅವಳ ಕೈಯಲ್ಲಿದ್ದ ರಂಗೋಲಿ ಪುಡಿ ಬೆರಳ ಸಂದಿಯಿಂದ ಸೋರಿ ನೆಲದ ಮೇಲೆ ಗುಡ್ಡೆಯಾಯಿತು. ಅವಳ ಮುಖದಲ್ಲಿ ನಾನು ಗೊಂದಲ ಕಂಡದ್ದು ಅದೇ ಮೊದಲು.

“ನಾನು ಬೇರೆ ತಿಳ್ಕೊಂಡಿದ್ದೆ” ಎಂದಳು ಕೊನೆಗೆ. “ನಿಂಗೂ ಯಾರೂ ಬ್ಯಾಡ, ನನ್ನಂಗೇ ಅಂತ. ಮಗಳು ನನ್ನಂಗೇ ಆದ್ಲು ಅಂತ ಒಳಗೊಳಗೇ ಖುಷಿ ಆಗಿತ್ತು. ಒಂದು ಮಾತು ಕೇಳಬೇಕಿತ್ತು ನಾನು. ಕೇಳ್ಲಿಲ್ಲ.”

“ನಾನೂ ಕೇಳ್ಲಿಲ್ಲ” ಎಂದೆ. ಬಸ್ಸು ತಪ್ಪಿತು. ಅವತ್ತು ಶಾಲೆಗೆ ಹೋಗಲಿಲ್ಲ. ಇಬ್ಬರೂ ಬಾಗಿಲ ಮೆಟ್ಟಿಲ ಮೇಲೆ ಕೂತು ಕಾಫಿ ಕುಡಿದೆವು. ಅಳು ಬರಲಿಲ್ಲ, ನಗೂ ಬರಲಿಲ್ಲ. ಮಗ್ಗಕ್ಕೆ ಬಂದ ರತ್ನ ಯಾರಾದರೂ ಹೋದರಾ ಎಂದು ಗಾಬರಿಯಾಗಿ ಕೇಳಿದಳು. ಅವ್ವ ಟೀ ಶರ್ಟನ್ನು ಅವಳಿಗೆ ತೋರಿಸಿ, “ಇವನು ಹೋದ” ಎಂದಳು. ಓಬುಳೇಸು ಆ ಚಿತ್ರದಲ್ಲಿ ಎಲ್ಲೂ ಇರಲಿಲ್ಲ. ರತ್ನ ಲಾರಿಗಳ ನಡುವೆ ಹುಡುಕುತ್ತಲೇ ಇದ್ದಳು.

ಈ ಬೇಸಿಗೆಯಲ್ಲಿ ಹಿರಿಯೂರು ಕಡೆಯ ಒಂದು ಹಳ್ಳಿ ಶಾಲೆಗೆ ಮುಖ್ಯೋಪಾಧ್ಯಾಯಿನಿಯಾಗಿ ಹೋಗುತ್ತೀರಾ ಎಂದು ಮತ್ತೆ ಕೇಳಿದರು. ನಿವೃತ್ತಿಗೆ ಕೆಲವೇ ವರ್ಷ ಇರುವಾಗ ಯಾರಾದರೂ ಹೋಗುತ್ತಾರೆಯೇ ಎಂದು ಜೊತೆಯವರೆಲ್ಲ ಅಂದರು. ಅವ್ವನನ್ನು ಕೇಳಿದೆ. ಈ ಸಲ ಕೇಳಿದೆ.

“ನಿಂಗೇನು ಅನ್ನಿಸ್ತೈತೆ?” ಎಂದಳು.

“ಗೊತ್ತಿಲ್ಲವ್ವ.”

“ಹಂಗಾರೆ ಹೋಗಿ ನೋಡು. ನನ್ನ ಕಾವಲಿಗೆ ನೀನೇನು ಬ್ಯಾಡ. ರತ್ನ ಐತೆ, ಮಗ್ಗ ಐತೆ. ನಂಗೂ ಕೊಂಚ ಮನೆ ಖಾಲಿ ಆಗ್ಲಿ.” ಕೊನೆಯ ಮಾತು ತಮಾಷೆಗೋ ನಿಜಕ್ಕೋ, ನಾನು ಕೇಳಲು ಹೋಗಲಿಲ್ಲ.

ಈಗ ಇಲ್ಲಿದ್ದೇನೆ. ಒಂದು ರೂಮು, ಮುಂದೆ ಕಲ್ಲಿನ ಜಗಲಿ, ಆಚೆಗೆ ಯಾರದೋ ಜೋಳದ ಹೊಲ. ಒಬ್ಬಳಿಗೆ ಅನ್ನ ಮಾಡುವುದು ಐವತ್ತು ದಾಟಿದ ನನಗೆ ಬರುವುದಿಲ್ಲ. ದಿನಾ ಹೆಚ್ಚಾಗಿ ನಾಯಿಗೆ ಹಾಕುತ್ತೇನೆ. ಬಂದ ಮೊದಲ ಶನಿವಾರ ಶಾಲೆ ಬೇಗ ಮುಗಿಯಿತು. ಜಗಲಿಯ ಮೇಲೆ ಬಂದು ಕೂತೆ. ಯಾರೂ ಏನೂ ಕೇಳುವವರಿಲ್ಲ. ಎದ್ದು ಒಳಗೆ ಹೋದೆ, ಕೆಲಸವಿರಲಿಲ್ಲ, ಮತ್ತೆ ಬಂದು ಕೂತೆ. ಇದು ಹೆದರಿಕೆಯೋ ಇನ್ನೇನೋ ತಿಳಿಯದೆ ಅವ್ವನಿಗೆ ಫೋನು ಮಾಡಿದೆ.

“ಹೆಂಗೈತೆ?” ಎಂದಳು.

“ಏನೂ ಗೊತ್ತಾಗ್ತಿಲ್ಲವ್ವ. ಸುಮ್ನೆ ಕೂತಿದೀನಿ.”

“ನಂಗೂ ಮೊದಲ ಸಲ ಗೊತ್ತಾಗಿರಲಿಲ್ಲ. ಎದ್ದು ಹೋಗ್ಲಾ ಅಂತಾನೇ ಇದ್ದೆ.”

“ಮತ್ತೆ ಯಾಕೆ ಕೂತೆ?”

“ಇರ್ಲಿ, ಇನ್ನೊಂಚೂರು ಹೊತ್ತು ನೋಡಾನ ಅಂತ” ಎಂದಳು ಅವ್ವ. “ನೀನೂ ಇನ್ನೊಂಚೂರು ಕೂರು. ಫೋನ್ ಇಡ್ತೀನಿ.”

ಇಟ್ಟಳು. ನಾನು ಕೂತೆ.